ಸಂತೋಷದ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು

ಕೆಲಸದಲ್ಲಿ ಬಳಲಿ ಆಪ್ತಸಲಹೆಗೆ ಬರುವವರ ಬಾಯಲ್ಲಿ ಈಚಿನ ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಕೇಳುತ್ತಿರುವ ಮಾತೊಂದಿದೆ: "ಸಕಾರಾತ್ಮಕವಾಗಿ ಯೋಚಿಸಲು ಎಲ್ಲ ಪ್ರಯತ್ನ ಮಾಡುತ್ತಿದ್ದೇನೆ, ಆದರೂ ಮನಸ್ಸು ಹಗುರಾಗುತ್ತಿಲ್ಲ; ನನ್ನಲ್ಲೇ ಏನೋ ಕೊರತೆಯಿರಬೇಕು." ಈ ಮಾತಿನ ಕೊನೆಯ ತುಣುಕು ನನ್ನನ್ನು ಬಹಳವಾಗಿ ಕಾಡುತ್ತದೆ. ದಣಿವಿನ ಜೊತೆಗೆ ತಪ್ಪಿತಸ್ಥ ಭಾವವನ್ನೂ ಹೊತ್ತು ಬರುವ ಇಂಥವರಲ್ಲಿ ಒಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ನಲವತ್ತು ದಾಟಿದ ಮಹಿಳೆ, ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹಿರಿಯ ಹುದ್ದೆಯಲ್ಲಿರುವವರು. ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟುಹೋದಾಗ "ಸದ್ಯಕ್ಕೆ ನೀವೇ ನೋಡಿಕೊಳ್ಳಿ" ಎಂದು ವಹಿಸಿದ ಹೊಣೆ ವರ್ಷ ಕಳೆದರೂ ಇವರ ಮೇಲೆಯೇ ಇತ್ತು. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು, ನಿದ್ರೆ ಮತ್ತು ಹಸಿವು ಏರುಪೇರಾಗುವುದು ಖಿನ್ನತೆಯ ಲಕ್ಷಣಗಳಿರಬಹುದಾದ್ದರಿಂದ, ಅಂಥ ಸಂದೇಹ ಬಂದ ಯಾರನ್ನೇ ಆಗಲಿ ನಾನು ಮೊದಲು ಮನೋವೈದ್ಯರ ಬಳಿಗೆ ಕಳಿಸುತ್ತೇನೆ. ಇವರನ್ನೂ ಕಳಿಸಿದೆ. ಖಿನ್ನತೆಯಲ್ಲ ಎಂದು ಮನೋವೈದ್ಯರು ತಿಳಿಸಿದ ಮೇಲೆಯೇ ನಮ್ಮ ಮಾತುಕತೆ ಮುಂದುವರಿಯಿತು.

ಒಂದು ಭೇಟಿಗೆ ಅವರು ತಮ್ಮ ನೋಟ್‌ಬುಕ್ ತಂದಿದ್ದರು. ಪ್ರತಿ ರಾತ್ರಿ ಮಲಗುವ ಮುನ್ನ ಆ ದಿನದ ಮೂರು ಒಳ್ಳೆಯ ಸಂಗತಿಗಳನ್ನು ಬರೆಯಬೇಕೆಂಬ ಸಲಹೆಯನ್ನು ಎಲ್ಲಿಯೋ ಓದಿ, ಒಂದು ದಿನವೂ ತಪ್ಪಿಸದೆ ಪಾಲಿಸಿಕೊಂಡು ಬಂದಿದ್ದರು. ಪ್ರತಿ ಪುಟದಲ್ಲೂ ಅಂಚಿಗೆ ದಿನಾಂಕ, ಕೆಳಗೆ ಒಂದು, ಎರಡು, ಮೂರು ಎಂದು ಸಂಖ್ಯೆ, ಪ್ರತಿ ಸಾಲಿನ ಮುಂದೆ ಲೆಕ್ಕಪುಸ್ತಕದಲ್ಲಿ ಹಾಕುವಂಥ ಸರಿಗುರುತು. ಒಂದು ಪುಟವನ್ನು ಓದಿ ಹೇಳುವಂತೆ ಕೇಳಿಕೊಂಡೆ. "ಬೆಳಗಿನ ಬಿಸಿಲು ಚೆನ್ನಾಗಿತ್ತು. ಸಹೋದ್ಯೋಗಿ ನಗುಮುಖದಿಂದ ಮಾತನಾಡಿಸಿದರು. ಕೆಲಸ ಸಮಯಕ್ಕೆ ಮುಗಿಯಿತು." ಆ ಸಹೋದ್ಯೋಗಿ ಯಾರು, ಏನು ಮಾತನಾಡಿದರು ಎಂದು ಕೇಳಿದರೆ ಅವರಿಗೆ ನೆನಪಾಗಲಿಲ್ಲ. ಬರೆದು ಮೂರು ದಿನವೂ ಆಗಿರಲಿಲ್ಲ.

ಆಗ ನಾನು, ಈ ವಾರದಲ್ಲಿ ನಿಜವಾಗಿಯೂ ಹಿತವೆನಿಸಿದ, ಆದರೆ ಈ ಪುಸ್ತಕದಲ್ಲಿ ಇಲ್ಲದ ಸಂಗತಿ ಏನಾದರೂ ಇದೆಯೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು ಇದು. ಮಂಗಳವಾರ ಮಧ್ಯಾಹ್ನ ಕಚೇರಿಯ ಸರ್ವರ್ ಕೆಟ್ಟು ಸ್ವಲ್ಪ ಹೊತ್ತು ಎಲ್ಲರ ಕೆಲಸವೂ ನಿಂತಿತು. ಉಳಿದವರು ಚಡಪಡಿಸುತ್ತಿದ್ದಾಗ ಇವರು ಕಿಟಕಿಯ ಬಳಿ ನಿಂತು, ಎದುರಿನ ಕಟ್ಟಡದ ಕಿಟಕಿಯ ಚೌಕಟ್ಟಿಗೆ ಬಣ್ಣ ಹಚ್ಚುತ್ತಿದ್ದವನನ್ನು ನೋಡುತ್ತಿದ್ದರು. ಅವನು ಬ್ರಷ್ಷನ್ನು ಅದ್ದಿದಾಗಲೆಲ್ಲ ಡಬ್ಬಿಯ ಅಂಚಿಗೆ ಎರಡೂ ಮಗ್ಗುಲು ಒತ್ತಿ ಹೆಚ್ಚಿನ ಬಣ್ಣವನ್ನು ಇಳಿಸಿ, ಗಾಜಿಗೆ ಒಂದು ಹನಿಯೂ ತಾಗದಂತೆ ಮೇಲಿನಿಂದ ಕೆಳಗೆ ಒಂದೇ ಎಳೆತದಲ್ಲಿ ಎಳೆಯುತ್ತಿದ್ದ. ಇದನ್ನು ಹೇಳುವಾಗ ಅವರ ಕೈ ತಾನಾಗಿಯೇ ಗಾಳಿಯಲ್ಲಿ ಗೆರೆ ಎಳೆಯಿತು. ಅಷ್ಟು ದಿನಗಳಲ್ಲಿ ಅವರ ಧ್ವನಿಯಲ್ಲಿ ಜೀವ ಕಂಡದ್ದು ನನಗೆ ಅದೇ ಮೊದಲು.

"ಇದನ್ನೇಕೆ ಬರೆಯಲಿಲ್ಲ?" ಎಂದೆ.

"ಹೇಗೆ ಬರೆಯಲಿ ಮೇಡಂ? ಕೆಲಸ ನಿಂತುಹೋಯಿತೆಂದು ಸಂತೋಷವಾಯಿತು ಅಂದರೆ ಅದು ನಕಾರಾತ್ಮಕವಲ್ಲವೇ?"

ಈ ಉತ್ತರದಲ್ಲಿ ಇಡೀ ಪ್ರಕರಣದ ತಿರುಳಿತ್ತು. ವಾರದಲ್ಲಿ ಅವರಿಗೆ ದೊರೆತ ನಿಜವಾದ ಸಣ್ಣ ಸುಖ ಒಂದೇ, ಮತ್ತು ಅದು ಅವರ ದಣಿವಿನ ಬಗ್ಗೆ ಸತ್ಯ ಹೇಳುತ್ತಿತ್ತು. ಆ ಸತ್ಯವನ್ನು ಒಪ್ಪಿಕೊಳ್ಳುವುದು ಸಕಾರಾತ್ಮಕ ಚಿಂತನೆಗೆ ವಿರುದ್ಧವೆಂದು ತಿಳಿದು ಸುಖವನ್ನೂ ಅದರ ಜೊತೆಯಲ್ಲೇ ಹೊರಗಿಟ್ಟಿದ್ದರು; ಬದಲಿಗೆ, ಅನುಭವಕ್ಕೇ ಬಾರದ ಬಿಸಿಲು ಮತ್ತು ನಗುಮುಖಗಳನ್ನು ರಾತ್ರಿ ಕುಳಿತು ಜಮಾ ಮಾಡುತ್ತಿದ್ದರು.

ನಾನು ಕೊಟ್ಟ ಮೊದಲ ಸಲಹೆ, ಸದ್ಯಕ್ಕೆ ಆ ಪುಸ್ತಕವನ್ನು ಮುಚ್ಚಿಡಿ ಎಂಬುದು. ಎರಡನೆಯದು, ಹಗಲಿನಲ್ಲಿ ಎರಡು ಕೆಲಸಗಳ ನಡುವೆ, ಸರ್ವರ್ ಕೆಡುವುದನ್ನು ಕಾಯದೆ, ಕೆಲವು ನಿಮಿಷ ತಾವೇ ಕೆಲಸ ನಿಲ್ಲಿಸಿ, ಮೊಬೈಲ್ ಕೈಗೆತ್ತಿಕೊಳ್ಳದೆ, ಕಣ್ಣಿಗೆ ಬಿದ್ದ ಯಾವುದಾದರೂ ಒಂದನ್ನು ಸುಮ್ಮನೆ ನೋಡಬೇಕು ಅಥವಾ ಕೇಳಬೇಕು. ಅದನ್ನು ಬರೆದಿಡಬಾರದು, ಅದರಿಂದ ಎಷ್ಟು ಸಂತೋಷವಾಯಿತೆಂದು ಅಳೆಯಲೂ ಬಾರದು ಎಂದೆ. ಮೂರನೆಯ ಸಲಹೆ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು: 'ಸದ್ಯಕ್ಕೆ' ಎಂದು ಬಂದ ಹೊಣೆಯಲ್ಲಿ ಏನೇನು ಕೆಲಸಗಳಿವೆ, ಅವಕ್ಕೆ ವಾರದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೇಲಧಿಕಾರಿಯ ಮುಂದಿಡಬೇಕು ಎಂಬುದು. ದೂರು ಹೇಳುವ ಸ್ವಭಾವ ತಮ್ಮದಲ್ಲ ಎಂದರು. ಲೆಕ್ಕ ಒಪ್ಪಿಸುವುದು ದೂರು ಹೇಗಾಗುತ್ತದೆ ಎಂದು ಕೇಳಿದೆ. ಆ ವೃತ್ತಿಯವರಿಗೆ ಅದು ನಾಟಿತು.

ಒಳ್ಳೆಯ ಅಭ್ಯಾಸವೊಂದನ್ನು ಬಿಡಿಸಿದೆನೆಂದು ನನ್ನ ವೃತ್ತಿಯ ಕೆಲವರು ಆಕ್ಷೇಪಿಸಿದ್ದುಂಟು. ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. 2003ರಲ್ಲಿ ಮನೋವಿಜ್ಞಾನಿಗಳಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಫ್ ಪ್ರಕಟಿಸಿದ ಅಧ್ಯಯನಗಳಲ್ಲಿ, ತಮ್ಮ ಪಾಲಿಗೆ ಬಂದ ಒಳಿತುಗಳನ್ನು ಬರೆದಿಟ್ಟ ಗುಂಪಿನವರು ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ತೋರಿದ್ದರು. ಆದರೆ ಅದು ಗುಂಪಿನ ಸರಾಸರಿಯ ಮಾತು. ನನ್ನೆದುರಿಗೆ ಕುಳಿತಿರುವುದು ಒಬ್ಬ ವ್ಯಕ್ತಿ. 2009ರಲ್ಲಿ ಜೋಆನ್ ವುಡ್ ಮತ್ತು ಸಂಗಡಿಗರು ಕಂಡುಕೊಂಡ ಸಂಗತಿಯನ್ನೂ ಇಲ್ಲಿ ನೆನೆಯಬೇಕು: ತಮ್ಮ ಬಗ್ಗೆ ಕೀಳಾದ ಅಭಿಪ್ರಾಯವಿದ್ದವರು 'ನಾನು ಪ್ರೀತಿಗೆ ಅರ್ಹ ವ್ಯಕ್ತಿ' ಎಂಬರ್ಥದ ವಾಕ್ಯವನ್ನು ತಮಗೆ ತಾವೇ ಹೇಳಿಕೊಂಡಾಗ, ಹೇಳಿಕೊಳ್ಳದಿದ್ದವರಿಗಿಂತ ಅವರ ಮನಸ್ಥಿತಿ ಕೆಟ್ಟಿತ್ತು. ಒಳಗಿನ ಅನುಭವಕ್ಕೂ ಬಾಯಲ್ಲಿ ಹೇಳುವ ಮಾತಿಗೂ ಅಂತರ ಹೆಚ್ಚಿದಾಗ ಒಳ್ಳೆಯ ಮಾತೇ ಆ ಅಂತರವನ್ನು ಎತ್ತಿ ತೋರಿಸುತ್ತದೆ ಎಂಬುದು ನನ್ನ ಅನುಭವವೂ ಹೌದು.

ಇನ್ನೊಂದು ಕಾರಣವಿದೆ, ಅದನ್ನು ನಾನು ಹೆಚ್ಚು ಒತ್ತಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ, ಉದ್ಯೋಗದ ಒತ್ತಡ ದೀರ್ಘಕಾಲ ಸರಿಯಾಗಿ ನಿಭಾವಣೆಯಾಗದೆ ಉಂಟಾಗುವ ಬಳಲಿಕೆಯನ್ನು ಕಾಯಿಲೆಯೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಲಾಗಿದೆ. ಶಕ್ತಿ ಬತ್ತಿದ ಭಾವ, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನ ದಕ್ಷತೆ ಕುಗ್ಗಿತೆನ್ನಿಸುವುದು ಇವು ಅದರ ಮೂರು ಮುಖಗಳು. ಕಾರಣ ಕೆಲಸದ ಹಂಚಿಕೆಯಲ್ಲಿರುವಾಗ ಪರಿಹಾರವನ್ನೆಲ್ಲ ದಣಿದವರ ಯೋಚನೆಯ ತಲೆಗೇ ಕಟ್ಟುವುದು ಅನ್ಯಾಯ. ಇಬ್ಬರ ಕೆಲಸ ಮಾಡುತ್ತಿರುವವರಿಗೆ ಇನ್ನಷ್ಟು ಕೃತಜ್ಞರಾಗಿರಿ ಎಂದು ಬೋಧಿಸುವ ಆಪ್ತಸಲಹೆಗಾರರು, ತಾವು ಬಯಸದಿದ್ದರೂ, ಅದೇ ಹೊರೆಯ ಪರವಾಗಿ ಮಾತನಾಡುತ್ತಿರುತ್ತಾರೆ.

ಸಣ್ಣ ಸುಖಗಳ ಮೇಲೆ ನನಗೆ ನಂಬಿಕೆಯಿದೆ. ಆ ಸಲಹೆಯಿಂದ ನಾನು ಹಿಂದೆ ಸರಿದಿಲ್ಲ. ಹಿತವಾದ ಚಟುವಟಿಕೆಗಳು ಕಡಿಮೆಯಾದಷ್ಟೂ ಮನಸ್ಸು ಕುಗ್ಗುತ್ತದೆ, ಮನಸ್ಸು ಕುಗ್ಗಿದಷ್ಟೂ ಚಟುವಟಿಕೆಗಳು ಕಡಿಮೆಯಾಗುತ್ತವೆ ಎಂಬ ಸುಳಿಯನ್ನು ಮನೋವಿಜ್ಞಾನಿ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿಯೇ ವಿವರಿಸಿದ್ದರು. ಉತ್ಸಾಹ ಬರಲೆಂದು ಕಾಯದೆ ಚಿಕ್ಕದೊಂದು ಚಟುವಟಿಕೆಯಿಂದ ಆರಂಭಿಸುವ ಚಿಕಿತ್ಸಾಕ್ರಮ ಅಂಥ ಚಿಂತನೆಯಿಂದಲೇ ಬೆಳೆಯಿತು. ಹೀಗಾಗಿ, ಇಂಥ ಪುಸ್ತಕ ಬರೆಯುತ್ತಿರುವ ಓದುಗರಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ನಿನ್ನೆ ಬರೆದ ಸಾಲನ್ನು ಇವತ್ತು ಓದಿದಾಗ ಆ ಗಳಿಗೆ ಕಣ್ಣ ಮುಂದೆ ಬಂದರೆ ಮುಂದುವರಿಸಿ. ಬರದಿದ್ದರೆ, ಬರೆಯದೆ ಬಿಟ್ಟ ಹಿತ ಯಾವುದು, ಅದನ್ನು ಬಿಟ್ಟದ್ದು ಏಕೆ ಎಂದು ಒಮ್ಮೆ ಕೇಳಿಕೊಳ್ಳಿ; ಉತ್ತರ ಅನೇಕ ಬಾರಿ ಯಾವುದೋ ಹೊರೆಯ ಕಡೆಗೇ ಬೆರಳು ತೋರಿಸುತ್ತದೆ.

ಆ ಮಹಿಳೆ ಹಾಳೆಯನ್ನು ಮೇಲಧಿಕಾರಿಯ ಮುಂದಿಟ್ಟರು. ಅರ್ಧದಷ್ಟು ಕೆಲಸವನ್ನು ಬೇರೊಬ್ಬರಿಗೆ ವಹಿಸಲಾಯಿತು. ಉಳಿದದ್ದನ್ನು ಹಣಕಾಸು ವರ್ಷ ಮುಗಿದ ಮೇಲೆ ನೋಡೋಣ ಎಂಬ ಉತ್ತರ ಬಂತು. ನಿದ್ರೆ ಸುಧಾರಿಸಿದೆ, ದಣಿವು ಪೂರ್ತಿ ಹೋಗಿಲ್ಲ. ಉಳಿದರ್ಧವನ್ನು ಮತ್ತೆ ಪ್ರಸ್ತಾಪಿಸಲು ಅವರಿಗೆ ಈಗಲೂ ಸಂಕೋಚವಿರುವುದರಿಂದ, ಮುಂದಿನ ಭೇಟಿಯನ್ನು ಆ ಮಾತುಕತೆಯ ತಯಾರಿಗೆಂದೇ ಇಟ್ಟುಕೊಂಡಿದ್ದೇವೆ.