ಕೇಳಿ, ತಿಳಿಯಿರಿ: ಜಿಮ್ನಾಸ್ಟಿಕ್ಸ್ ತಂಡದ ಲೆಕ್ಕ

ಪ್ರಶ್ನೆ: ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಪುರುಷರ ತಂಡ ಕೊನೆಯ ಸುತ್ತಿಗೆ ಬಂದಾಗಲೂ ಚೀನಾಕ್ಕಿಂತ ಮೂರು ಅಂಕ ಹಿಂದಿತ್ತಂತೆ. ಆಮೇಲೆ ಚಿನ್ನ ಹೇಗೆ ಬಂತು?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಸರಿಯಾಗಿಯೇ ಕೇಳಿದ್ದೀರಿ. ಅಂತರ ಕರಾರುವಾಕ್ಕಾಗಿ 3.267. ಐದು ಸಲಕರಣೆ ಮುಗಿದು ಉಳಿದದ್ದು ಹಾರಿಜಾಂಟಲ್ ಬಾರ್ ಒಂದೇ. ಈ ಆಟದಲ್ಲಿ ಅಷ್ಟು ಮುಂದಿದ್ದವರು ಸೋಲುವುದು ಬಲು ಅಪರೂಪ.

ತಂಡದಲ್ಲಿ ಐವರು ಇರುತ್ತಾರೆ. ಅರ್ಹತಾ ಸುತ್ತಿನಲ್ಲಿ ಪ್ರತಿ ಸಲಕರಣೆಗೆ ನಾಲ್ವರು ಇಳಿದು, ಒಳ್ಳೆಯ ಮೂರು ಅಂಕಗಳನ್ನಷ್ಟೇ ಕೂಡುತ್ತಾರೆ. ಒಬ್ಬ ಬಿದ್ದರೆ ಅವನ ಅಂಕ ಬಿಟ್ಟರಾಯಿತು. ಫೈನಲ್‌ನಲ್ಲಿ ಆ ಆಸರೆ ಇಲ್ಲ. ಮೂವರೇ ಇಳಿಯಬೇಕು, ಮೂವರದ್ದೂ ಲೆಕ್ಕಕ್ಕೆ ಬರುತ್ತದೆ. ಆರು ಸಲಕರಣೆಗೆ ಒಟ್ಟು ಹದಿನೆಂಟು ಸರದಿ.

ಚೀನಾದ ಸು ವೇಯ್ಡೆ ಆ ಬಾರ್‌ನಿಂದ ಎರಡು ಸಲ ಬಿದ್ದರು. ಬಾರ್ ಇರುವುದು ನೆಲದಿಂದ 2.80 ಮೀಟರ್ ಎತ್ತರದಲ್ಲಿ. ಜೋರಾಗಿ ಸುತ್ತಿ, ಕೈ ಬಿಟ್ಟು ಮೇಲಕ್ಕೆ ಚಿಮ್ಮಿ, ಗಾಳಿಯಲ್ಲಿ ಲಾಗ ಹಾಕಿ ಮತ್ತೆ ಅದೇ ಬಾರ್ ಹಿಡಿಯಬೇಕು. ಕೈ ಬಿಡುವ ಗಳಿಗೆ ಕೂದಲೆಳೆಯಷ್ಟು ಹಿಂದುಮುಂದಾದರೂ ದೇಹ ಬಾರ್‌ನಿಂದ ದೂರ ಹೋಗುತ್ತದೆ, ಇಲ್ಲವೇ ಬಾರ್ ಮೇಲೆಯೇ ಬಂದೆರಗುತ್ತದೆ. ಒಂದು ಬೀಳಿಗೆ 1.0 ಅಂಕ ಕಡಿತ. ಬಾರ್ ಕೈಗೆ ಸಿಗದಿದ್ದರೆ ಆ ಪಟ್ಟಿನ ಅಂಕವೂ ಹೋಯಿತು. ಅವರಿಗೆ ಸಿಕ್ಕಿದ್ದು 11.600. ಕೊನೆಗೆ ಜಪಾನ್ 259.594, ಚೀನಾ 259.062, ಮೂರನೆಯ ಸ್ಥಾನದ ಅಮೆರಿಕ 257.793.

ಸು ಒಬ್ಬರಿಂದಲೇ ಚಿನ್ನ ಹೋಯಿತು ಎನ್ನುವುದು ಮಾತ್ರ ಅನ್ಯಾಯ. ಜಪಾನಿನ ಡೈಕಿ ಹಶಿಮೊಟೊ ಕೂಡ ಅದೇ ಫೈನಲ್‌ನಲ್ಲಿ ಪಾಮೆಲ್ ಹಾರ್ಸ್‌ನಿಂದ (ಮೇಲೆ ಎರಡು ಹಿಡಿಗಳಿರುವ, ಕೈಯೂರಿ ಕಾಲು ಸುತ್ತಿಸುವ ಸಲಕರಣೆ) ಬಿದ್ದಿದ್ದರು. ಆ ನಷ್ಟವನ್ನು ಅವರ ತಂಡ ಉಳಿದ ಸರದಿಗಳಲ್ಲಿ ಚೂರುಚೂರಾಗಿ ತುಂಬಿಕೊಂಡಿತು. ಚೀನಾಕ್ಕೆ ತುಂಬಿಕೊಳ್ಳಲು ಇನ್ನೊಂದು ಸಲಕರಣೆ ಉಳಿದಿರಲಿಲ್ಲ.

ಪ್ರಶ್ನೆ: ಜಪಾನ್ ಮೊದಲಿನಿಂದಲೂ ಇಷ್ಟು ಗಟ್ಟಿಯೇ?
– ಓದುಗರು, ಹರಿಹರ

ಉತ್ತರ: 1960ರಿಂದ 1976ರವರೆಗೆ ಸತತ ಐದು ಒಲಿಂಪಿಕ್ಸ್‌ನಲ್ಲಿ ತಂಡದ ಚಿನ್ನ ಅವರದ್ದೇ. ಆಮೇಲೆ 28 ವರ್ಷ ಬರ. ಮತ್ತೆ ಗೆದ್ದದ್ದು 2004, 2016, 2024ರಲ್ಲಿ. ಒಟ್ಟು ಎಂಟು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಮ್ಮ ಊರಿನಲ್ಲೇ, ರಷ್ಯಾದವರೆದುರು ಬರೀ 0.103ರಿಂದ ಚಿನ್ನ ತಪ್ಪಿತ್ತು. ಲ್ಯಾಂಡಿಂಗ್‌ನಲ್ಲಿ ಒಂದು ಸಣ್ಣ ಹೆಜ್ಜೆ ಜರುಗಿದರೆ ಹೋಗುವುದು 0.1. ಹಾಗಾದರೆ ಆ ಅಂತರ ಎಷ್ಟೆಂದು ನೀವೇ ಅಂದಾಜು ಮಾಡಿ.

1976ರಲ್ಲಿ ಶುನ್ ಫುಜಿಮೊಟೊ ಮಂಡಿಚಿಪ್ಪು ಒಡೆದುಕೊಂಡೂ ರಿಂಗ್ಸ್ (ತೂಗುವ ಎರಡು ಬಳೆ ಹಿಡಿದು ಮಾಡುವ ಕಸರತ್ತು) ಮಾಡಿ, ಲಾಗ ಹಾಕಿ ಇಳಿದು 9.7 ಪಡೆದರು. ಈ ಕಥೆ ಎಲ್ಲೆಡೆ ಓಡಾಡುತ್ತದೆ. ದಯವಿಟ್ಟು ಮಕ್ಕಳಿಗೆ ಇದನ್ನು ಮಾದರಿಯಾಗಿ ಹೇಳಬೇಡಿ. ಮುರಿದ ಮಂಡಿಯ ಮೇಲೆ ಇಳಿದರೆ ಜೀವಮಾನದ ನೋವು ಅಂಟಿಕೊಳ್ಳಬಹುದು.

ಪ್ರಶ್ನೆ: ಹಿಂದೆ ಹತ್ತಕ್ಕೆ ಹತ್ತು ಎನ್ನುತ್ತಿದ್ದರು. ಈಗ 14, 15 ಎಲ್ಲಿಂದ ಬರುತ್ತದೆ?
– ಕಾಲೇಜು ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: 2006ರಿಂದ ಅಂಕ ಎರಡು ಭಾಗವಾಗಿದೆ. ಒಂದು ಕಷ್ಟದ ಅಂಕ, ಇನ್ನೊಂದು ಅಚ್ಚುಕಟ್ಟಿನ ಅಂಕ. ಅಚ್ಚುಕಟ್ಟು 10ರಿಂದ ಶುರುವಾಗಿ ಇಳಿಯುತ್ತಾ ಹೋಗುತ್ತದೆ: ಸಣ್ಣ ತಪ್ಪಿಗೆ 0.1, ನಡುವಿನದ್ದಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1.0. ಕಷ್ಟದ ಅಂಕಕ್ಕೆ ಮಿತಿಯಿಲ್ಲ. ಕಷ್ಟ 5.8, ಅಚ್ಚುಕಟ್ಟು 8.6 ಆದರೆ ಒಟ್ಟು 14.4. ಟಿವಿಯಲ್ಲಿ ನೋಡುವಾಗ ಕಾಲ್ಬೆರಳು ಚೂಪಾಗಿ ಚಾಚಿವೆಯೇ, ಮಂಡಿ ಮಡಿಚಿದೆಯೇ, ಇಳಿದಾಗ ಪಾದ ಅಲುಗಿತೇ ಎನ್ನುವುದರ ಮೇಲೆ ಕಣ್ಣಿಡಿ. ನಾಲ್ಕು ದಿನದಲ್ಲಿ ಅಂಕ ನೀವೇ ಊಹಿಸುತ್ತೀರಿ.

ಪ್ರಶ್ನೆ: ನಮ್ಮ ದೇಶದ ಪುರುಷರ ತಂಡ ಒಲಿಂಪಿಕ್ಸ್‌ಗೆ ಹೋಗಿದೆಯೇ? ಯಾಕೆ ಹೆಸರೇ ಕೇಳುವುದಿಲ್ಲ?
– ಓದುಗರು, ಹೊಸದುರ್ಗ

ಉತ್ತರ: ಹೋಗಿದ್ದಾರೆ. 1952ರಲ್ಲಿ ಇಬ್ಬರು, 1956ರಲ್ಲಿ ಮೂವರು, 1964ರಲ್ಲಿ ಆರು ಜನ. ಅಲ್ಲಿಂದ 2024ರವರೆಗೆ ಪುರುಷರಲ್ಲಿ ಯಾರೂ ಇಲ್ಲ. 2010ರಲ್ಲಿ ಆಶಿಶ್ ಕುಮಾರ್ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿಗೆ ಕೈಯೂರಿ ಹಾರುವುದು) ಬೆಳ್ಳಿ, ಫ್ಲೋರ್‌ನಲ್ಲಿ (ನೆಲಹಾಸಿನ ಮೇಲಿನ ಕಸರತ್ತು) ಕಂಚು ಗೆದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತೆ ಫ್ಲೋರ್ ಕಂಚು. ಮಹಿಳೆಯರಲ್ಲಿ ದೀಪಾ ಕರ್ಮಾಕರ್ ರಿಯೊದಲ್ಲಿ ವಾಲ್ಟ್‌ನಲ್ಲಿ 15.066 ಗಳಿಸಿ, 0.150ರಿಂದ ಕಂಚು ತಪ್ಪಿಸಿಕೊಂಡರು. ವಿಶ್ವಕಪ್‌ನಲ್ಲಿ ಅರುಣಾ ಬುಡ್ಡಾ ರೆಡ್ಡಿ, ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಪ್ರಣತಿ ನಾಯಕ್ ಗೆದ್ದ ಕಂಚುಗಳೂ ವಾಲ್ಟ್‌ನವೇ.

ಈ ಪಟ್ಟಿಯನ್ನು ಮತ್ತೊಮ್ಮೆ ಓದಿ: ವಾಲ್ಟ್, ಫ್ಲೋರ್, ಮತ್ತೆ ವಾಲ್ಟ್. ಎರಡೂ ಓಟ ಮತ್ತು ಕಾಲಿನ ಚಿಮ್ಮುವಿಕೆಯ ಆಟಗಳು. ಪಾಮೆಲ್ ಹಾರ್ಸ್, ರಿಂಗ್ಸ್, ಪ್ಯಾರಲಲ್ ಬಾರ್ಸ್, ಹಾರಿಜಾಂಟಲ್ ಬಾರ್ ನಾಲ್ಕೂ ಭುಜ ಮತ್ತು ಕೈಯ ಕೆಲಸ. ಒಲಿಂಪಿಕ್ಸ್‌ಗೆ ಹೋಗುವುದು ಹನ್ನೆರಡೇ ತಂಡ. ಆರೂ ಸಲಕರಣೆಗೆ ಮೂರು ಮೂರು ನಂಬಿಕಸ್ಥ ಕೈ ಇಲ್ಲದೆ ಆ ಬಾಗಿಲು ತೆರೆಯುವುದಿಲ್ಲ. ನಮ್ಮವರಿಗೆ ಧೈರ್ಯದ ಕೊರತೆ ಇಲ್ಲವೇ ಇಲ್ಲ, ದೀಪಾ ಹಾಕಿದ ಪ್ರೊಡುನೊವಾ (ವಾಲ್ಟ್‌ನಿಂದ ಮುಂದಕ್ಕೆ ಎರಡು ಲಾಗ ಹಾಕುವ ಅಪಾಯದ ಪಟ್ಟು) ನೋಡಿದವರಿಗೆ ಅದು ಗೊತ್ತು. ಕಡಿಮೆಯಿರುವುದು ಚಿಕ್ಕ ವಯಸ್ಸಿನಿಂದಲೇ ಆ ನಾಲ್ಕು ಸಲಕರಣೆಗಳ ಒಡನಾಟ.

ಪ್ರಶ್ನೆ: ಶಾಲೆಯಲ್ಲಿ ಸಲಕರಣೆ ಒಂದೂ ಇಲ್ಲ. ಗರಡಿಮನೆಗೆ ಹೋಗುವ ಹುಡುಗರಿದ್ದಾರೆ, ದಂಡ, ಬಸ್ಕಿ ಚೆನ್ನಾಗಿ ಹೊಡೆಯುತ್ತಾರೆ. ಎಲ್ಲಿಂದ ಶುರು ಮಾಡಲಿ?
– ದೈಹಿಕ ಶಿಕ್ಷಣ ಶಿಕ್ಷಕರು, ಜಗಳೂರು

ಉತ್ತರ: ಮೇಷ್ಟ್ರೇ, ದಂಡ ಹೊಡೆದ ಭುಜ ಒಳ್ಳೆಯ ಬಂಡವಾಳ. ಆದರೆ ಭುಜ ಬಿಗಿದುಕೊಂಡಿದ್ದರೆ ಕೈ ಕಿವಿಯ ಪಕ್ಕಕ್ಕೆ ನೆಟ್ಟಗೆ ಏರುವುದಿಲ್ಲ. ಮೊದಲು ಅದನ್ನು ಪರೀಕ್ಷಿಸಿ: ಗೋಡೆಗೆ ಬೆನ್ನು ಒತ್ತಿ ನಿಲ್ಲಿಸಿ, ಕೈ ಮೇಲೆತ್ತಿಸಿ. ಸೊಂಟ ಗೋಡೆ ಬಿಟ್ಟರೆ ಭುಜ ಇನ್ನೂ ಸಡಿಲವಾಗಬೇಕು.

ಮಣಿಕಟ್ಟು ಐದು ನಿಮಿಷ ಬಿಸಿಮಾಡಿಸಿ. ಆಮೇಲೆ ಬೆನ್ನಿನ ಮೇಲೆ ಮಲಗಿ, ಸೊಂಟ ನೆಲಕ್ಕೆ ಒತ್ತಿ, ಭುಜ ಮತ್ತು ಕಾಲು ಗೇಣಷ್ಟು ಎತ್ತಿ 20 ಸೆಕೆಂಡ್, ಮೂರು ಸಲ. ಸೊಂಟದ ಕೆಳಗೆ ಅಂಗೈ ತೂರುವಂತಿದ್ದರೆ ತಪ್ಪು, ಕಾಲು ಇನ್ನೂ ಮೇಲೆತ್ತಿಸಿ. ಇದು ಬಂದ ಮೇಲೆ ಗೋಡೆಗೆ ಹೊಟ್ಟೆ ಮಾಡಿ, ಪಾದಗಳನ್ನು ಗೋಡೆ ಮೇಲೆ ನಡೆಸುತ್ತಾ ಕೈ ಮೇಲೆ ನಿಲ್ಲುವುದು. ಅಂಗೈ ಭುಜದಗಲ, ಬೆರಳು ಬಿಡಿಸಿ, ಗೋಡೆಯಿಂದ ಒಂದು ಗೇಣು ದೂರ. ಶುರುವಿಗೆ 10 ಸೆಕೆಂಡ್, ಮೆಲ್ಲಗೆ 30ಕ್ಕೆ. ಬೆನ್ನು ಬಾಳೆಹಣ್ಣಿನಂತೆ ಬಾಗಿದರೆ ಹೊಟ್ಟೆ ಸಡಿಲವಿದೆ, ಇಲ್ಲವೇ ಭುಜ ಬಿಗಿಯಿದೆ. ಇಳಿಯುವುದನ್ನೂ ಮೊದಲೇ ಕಲಿಸಿ: ಒಂದು ಕೈ ಸರಿಸಿ ಪಕ್ಕಕ್ಕೆ ಹೊರಳಿ ಕಾಲು ಊರುವುದು. ಇದು ಗೊತ್ತಿಲ್ಲದ ಹುಡುಗ ಬೆನ್ನಿನ ಮೇಲೆ ಬೀಳುತ್ತಾನೆ.

ಲ್ಯಾಂಡಿಂಗ್‌ಗೆ ಮೊಣಕಾಲೆತ್ತರಕ್ಕಿಂತ ತಗ್ಗಿನ ಕಟ್ಟೆ ಸಾಕು. ಎರಡೂ ಪಾದ ಒಟ್ಟಿಗೆ ಊರಿ, ಮಂಡಿ ಮಡಿಚಿ, ಎದೆ ಎತ್ತಿ ಮೂರು ಎಣಿಸುವವರೆಗೆ ಅಲುಗಬಾರದು. ಮಂಡಿಗಳು ಒಂದಕ್ಕೊಂದು ವಾಲಿದರೆ ತಕ್ಷಣ ನಿಲ್ಲಿಸಿ ತಿದ್ದಿ, ಮಂಡಿಯ ಪೆಟ್ಟು ಶುರುವಾಗುವುದು ಅಲ್ಲಿಂದಲೇ. ಗರಡಿಯ ಹದ ಮಾಡಿದ ಮಣ್ಣಿನಲ್ಲಿ ಮುಂದಕ್ಕೆ ಉರುಳುವುದನ್ನು ಧಾರಾಳವಾಗಿ ಮಾಡಿಸಿ. ಲಾಂಗ್‌ಜಂಪ್ ಮರಳು ಗುಂಡಿಯಲ್ಲಿ ಹಿಂದಕ್ಕೆ ಲಾಗ ಮಾತ್ರ ಬೇಡವೇ ಬೇಡ. ಪಾದ ಹೂತುಕೊಂಡು, ದೇಹ ತಿರುಗಿ, ಮಂಡಿ ತಿರುಚುತ್ತದೆ. ತಲೆ ಮೊದಲು ಬಿದ್ದರೆ ಕತ್ತಿಗೆ ಮರಳು ಮೆತ್ತೆಯಲ್ಲ.

ಪ್ರಶ್ನೆ: ಕೈಗೆ ಹಚ್ಚುವ ಬಿಳಿ ಪುಡಿ ಯಾವುದು? ಟಾಲ್ಕಂ ಪೌಡರ್ ನಡೆಯುತ್ತದೆಯೇ?
– ಹೈಸ್ಕೂಲ್ ವಿದ್ಯಾರ್ಥಿ, ಹಿರಿಯೂರು

ಉತ್ತರ: ಅದು ಮೆಗ್ನೀಷಿಯಂ ಕಾರ್ಬೊನೇಟ್. ಬೆವರು ಹೀರಿ ಹಿಡಿತ ಕೊಡುತ್ತದೆ. ಟಾಲ್ಕಂ ಪೌಡರ್ ಜಾರಿಸುತ್ತದೆ, ಅದನ್ನು ಹಚ್ಚಿಕೊಂಡು ಬಾರ್ ಹಿಡಿಯಲೇಬೇಡಪ್ಪ. ಮೆಗ್ನೀಷಿಯಂ ಪುಡಿಯನ್ನೂ ದಪ್ಪಗೆ ಮೆತ್ತಬಾರದು. ಪದರವೇ ಕಳಚಿ ಜಾರುತ್ತದೆ, ಹೆಚ್ಚಾದದ್ದನ್ನು ಬಾರ್‌ನಿಂದ ಬ್ರಷ್‌ನಲ್ಲಿ ತೆಗೆಯಬೇಕು. ಪ್ಯಾರಲಲ್ ಬಾರ್‌ಗೆ ದೊಡ್ಡ ದೊಡ್ಡ ಆಟಗಾರರು ಈ ಪುಡಿಯ ಜೊತೆ ನೀರು ಮತ್ತು ಒಂದಿಷ್ಟು ಜೇನುತುಪ್ಪವನ್ನೂ ಸವರುತ್ತಾರೆ, ಮರ ಅಂಗೈಗೆ ಅಂಟಿ ನಿಲ್ಲಲಿ ಎಂದು.