ಊರಿನಲ್ಲಿರುವ ಅಪ್ಪನ ಶುಗರನ್ನು ದೂರದಿಂದ ಫೋನಿನಲ್ಲೇ ನೋಡಿಕೊಳ್ಳಲು ಯಾವ ಸೆನ್ಸರ್, ಯಾವ ವಾಚ್ ತೆಗೆದುಕೊಳ್ಳಲಿ?

ನೀವು ಪುಣೆಯಲ್ಲಿ, ನಿಮ್ಮ ಅಪ್ಪ ಕಾಸರಗೋಡಿನ ಪೆರ್ಲದಲ್ಲಿ. ನಾನು ಬೆಂಗಳೂರಿನಲ್ಲಿ, ಅಮ್ಮ ಬದಿಯಡ್ಕದ ಹತ್ತಿರ. ನಿಮ್ಮ ಪ್ರಶ್ನೆ ಓದುವಾಗ ಇದನ್ನು ನಾನೇ ಬರೆದದ್ದಾ ಅನ್ನಿಸಿತು.

ನನಗೆ ಭಯ ಹುಟ್ಟಿದ್ದು 2020ರಲ್ಲಿ. ಆ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಆಂಬುಲೆನ್ಸಿನಲ್ಲೂ ಮಂಗಳೂರಿಗೆ ಹೋಗಲಾಗದೆ ಒದ್ದಾಡಿದ್ದು ನಿಮಗೂ ನೆನಪಿರಬಹುದು. ಅಮ್ಮನ ಡಾಕ್ಟರೂ ಮಂಗಳೂರಿನವರೇ. ದಿನಕ್ಕೆ ಮೂರು ಸಲ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಅಮ್ಮ. ಏನಾದರೂ ಆದರೆ ನನಗೆ ಗೊತ್ತಾಗುವುದಾದರೂ ಹೇಗೆ ಅಂತ ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಲೇ ಇತ್ತು. 2023ರಲ್ಲಿ ಸೆನ್ಸರ್ ತಂದೆ. ತೋಳಿನ ಹಿಂದೆ ಅಂಟಿಸುವ ಬಿಲ್ಲೆ, 14 ದಿನ ಇರುತ್ತದೆ. ಅಮ್ಮನ ಫೋನಿಗೆ ಬ್ಲೂಟೂತಿನಲ್ಲಿ ಅಂಕಿ ಕಳಿಸುತ್ತದೆ, ಅಲ್ಲಿಂದ ಇಂಟರ್ನೆಟ್ಟಿನಲ್ಲಿ ನನ್ನ ಫೋನಿಗೆ. ರವಿಕೆಯ ತೋಳು ಉಜ್ಜಿ ಅಂಚು ಏಳುತ್ತಿತ್ತು, ಅಮ್ಮ ಅದರ ಮೇಲೊಂದು ಬಟ್ಟೆಪಟ್ಟಿ ಕಟ್ಟಿಕೊಂಡರು. ಅಷ್ಟೇ ಕಿರಿಕಿರಿ.

ಆಟಿ ತಿಂಗಳ ಒಂದು ರಾತ್ರಿ. ಜೋರು ಮಳೆ. ಅಮ್ಮ ಪತ್ರೊಡೆ ಮಾಡಿದ್ದರು. ಎಂಟು ಗಂಟೆಗೆ ಎಂದಿನ 10 ಯೂನಿಟ್ ಇನ್ಸುಲಿನ್ ತೆಗೆದುಕೊಂಡು ಊಟ ಮಾಡಿದರು. ಒಂಬತ್ತೂವರೆಗೆ ನನ್ನ ಫೋನಿನಲ್ಲಿ ಶುಗರ್ 274, ಪಕ್ಕದಲ್ಲಿ ಮೇಲ್ಮುಖದ ಬಾಣ. ನನಗೆ ತಡೆಯಲಾಗಲಿಲ್ಲ. ಫೋನ್ ಮಾಡಿ ಇನ್ನೂ 6 ಯೂನಿಟ್ ತೆಗೆದುಕೊಳ್ಳಲು ಹೇಳಿದೆ. "ಡಾಕ್ಟ್ರು ಹಾಗೆ ಹೇಳಲಿಲ್ಲ ಮಗಾ" ಅಂದರು. ನಾನು ಒತ್ತಾಯ ಮಾಡಿದೆ. ಹತ್ತೂಕಾಲಿಗೆ ನೋಡಿದರೆ 268. ಇಳಿಯಲೇ ಇಲ್ಲ ಅಂತ ಮತ್ತೆ 4 ಹಾಕಿಸಿದೆ.

ನಾನು ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ಊಟದ ಹೊತ್ತಿಗೆ ಕೊಡುವ ಬೇಗ ಕೆಲಸ ಮಾಡುವ ಇನ್ಸುಲಿನ್ ಚುಚ್ಚಿದ ಕಾಲು ಗಂಟೆಗೆ ಶುರುವಾಗುತ್ತದೆ. ಅದರ ಜೋರು ಒಂದರಿಂದ ಎರಡು ಗಂಟೆಯ ಹೊತ್ತಿಗೆ. ಪೂರ್ತಿ ಮುಗಿಯಲು ನಾಲ್ಕು ಗಂಟೆಯಾದರೂ ಬೇಕು. ಅಂದರೆ ಒಂಬತ್ತೂವರೆಗೆ ನಾನು ಫೋನ್ ಮಾಡಿದಾಗ ಎಂಟು ಗಂಟೆಯ 10 ಯೂನಿಟ್ಟಿನಲ್ಲಿ ಬಹುಪಾಲು ಕೆಲಸ ಇನ್ನೂ ಬಾಕಿ ಇತ್ತು. ಅದರ ಮೇಲೆ 6, ಅದರ ಮೇಲೆ 4. ಮೂರೂ ಒಟ್ಟಿಗೆ ಸೇರಿ ಎಳೆಯತೊಡಗಿದ್ದು ನಡುರಾತ್ರಿಗೆ ಸ್ವಲ್ಪ ಮುಂಚೆ, ಹೊಟ್ಟೆಯಲ್ಲಿದ್ದ ಪತ್ರೊಡೆ ಕರಗಿ ಮುಗಿಯುವ ಹೊತ್ತಿಗೆ. ಇನ್ನೊಂದು ವಿಷಯ. ಸೆನ್ಸರ್ ನೋಡುವುದು ರಕ್ತವನ್ನಲ್ಲ, ಚರ್ಮದಡಿಯ ನೀರಿನಂಶವನ್ನು. ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ಬರಲು ಹತ್ತು ಹದಿನೈದು ನಿಮಿಷ ಹಿಡಿಯಬಹುದು. ಹತ್ತೂಕಾಲಿನ 268 ನನಗೆ ಹಳೆ ಸುದ್ದಿ ಹೇಳುತ್ತಿತ್ತು. ಶುಗರ್ ಎಷ್ಟಿದೆ ಅಂತ ಗ್ರಾಫು ತೋರಿಸಿತು, ಮೈಯಲ್ಲಿ ಇನ್ನೂ ಎಷ್ಟು ಇನ್ಸುಲಿನ್ ಉಳಿದಿದೆ ಅಂತ ತೋರಿಸಲಿಲ್ಲ. "ಎರಡು ಡೋಸಿನ ನಡುವೆ ನಾಲ್ಕು ಗಂಟೆ" ಅಂತ ಡಾಕ್ಟರು ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ಚೀಟಿ ಹಳೆಯದು, ಗ್ರಾಫು ಈಗಿನದು ಅಂತ ನಾನು ಗ್ರಾಫನ್ನೇ ನಂಬಿದೆ.

ಹನ್ನೊಂದೂ ಮುಕ್ಕಾಲಿಗೆ 148, ಬಾಣ ಕೆಳಗೆ. ಸರಿಯಾಯಿತು ಅಂತ ಮಲಗಿದೆ. ಆಮೇಲೆ ಅಲ್ಲಿ ಕರೆಂಟು ಹೋಯಿತು, ವೈಫೈ ಸತ್ತಿತು, ನನ್ನ ಫೋನಿನಲ್ಲಿ 148 ಹಾಗೇ ನಿಂತಿತು. ಅಮ್ಮನ ಫೋನ್ ಚಾವಡಿಯಲ್ಲಿ ಚಾರ್ಜಿಗಿತ್ತು. ನಡುವೆ ಎರಡು ಕೆಂಪುಕಲ್ಲಿನ ಗೋಡೆ. ಬ್ಲೂಟೂತು ದಾಟಲಿಲ್ಲ, ಲೋ ಶುಗರಿನ ಅಲಾರಂ ಬಡಿಯಲಿಲ್ಲ.

ಎರಡೂವರೆಗೆ ಅಪ್ಪನಿಗೆ ಎಚ್ಚರವಾಯಿತು. ಹಾಸಿಗೆ ಒದ್ದೆ. ಹಂಚು ಸೋರುತ್ತಿದೆ ಅಂತ ಮೇಲೆ ಟಾರ್ಚ್ ಬಿಟ್ಟು ನೋಡಿದರಂತೆ. ಅದು ಅಮ್ಮನ ಬೆವರು. ಕರೆದರೆ ಅಮ್ಮನ ಮಾತು ತೊದಲುತ್ತಿತ್ತು. ಅಪ್ಪ ಹಳೆ ಗ್ಲೂಕೋಮೀಟರಿನಲ್ಲಿ ಬೆರಳು ಚುಚ್ಚಿ ನೋಡಿದರು: 41. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರೆ 63. ಇನ್ನೊಂದು ಲೋಟ. ಆಮೇಲೆ 96. ಬೆಳಿಗ್ಗೆ ಅಪ್ಪ ಇದನ್ನೆಲ್ಲ ಫೋನಿನಲ್ಲಿ ಹೇಳುವಾಗ ನನ್ನ ಕೈ ನಡುಗುತ್ತಿತ್ತು. ನುಂಗಲು ಆಗುವಷ್ಟು ಎಚ್ಚರ ಅಮ್ಮನಿಗೆ ಇತ್ತು, ಅದೇ ಪುಣ್ಯ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಸೀದಾ ಆಸ್ಪತ್ರೆಗೇ ಒಯ್ಯಬೇಕು.

ಈಗ ನಿಮ್ಮ ಪ್ರಶ್ನೆ. "ದೂರದಿಂದ ನೋಡಿಕೊಳ್ಳಲು" ಅಂತ ಕೇಳಿದ್ದೀರಿ. ದೂರದಿಂದ ನೋಡಬಹುದು, ನೋಡಿಕೊಳ್ಳಲು ಆಗುವುದಿಲ್ಲ. ಲೋ ಆದಾಗ ಸಕ್ಕರೆ ಕುಡಿಸುವ ಕೈ ಪೆರ್ಲದ ಮನೆಯಲ್ಲೇ ಇರಬೇಕು. ಯಾವ ಕಂಪನಿ ಅಂತ ಹುಡುಕುವ ಮೊದಲು ಆ ಕೈ ಯಾರದ್ದು ಅಂತ ನೋಡಿ. ನಿಮ್ಮ ತಾಯಿಗೆ ಬೆರಳು ಚುಚ್ಚಿ ನೋಡಲು ಬರುತ್ತದಾ? ಪಕ್ಕದ ಮನೆಯವರು ರಾತ್ರಿ ಫೋನ್ ಎತ್ತುತ್ತಾರಾ?

ನಿಮ್ಮ ತಂದೆ ಯಾವ ಮದ್ದಿನಲ್ಲಿದ್ದಾರೆ ಅಂತ ನೀವು ಬರೆದಿಲ್ಲ. ಬರೀ ಮೆಟ್‌ಫಾರ್ಮಿನ್ ಮಾತ್ರೆ ಆದರೆ ಈ ಖರ್ಚು ಸುಮ್ನೆ ಅನ್ನುತ್ತೇನೆ. ಅದೊಂದರಿಂದಲೇ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲೂಕೋಮೀಟರ್ ಸಾಕು. ಇನ್ಸುಲಿನ್ ಇದ್ದರೆ, ಇಲ್ಲವೇ ಗ್ಲಿಮೆಪಿರೈಡ್ ಥರದ ಮಾತ್ರೆ ಇದ್ದರೆ, ಡಾಕ್ಟರ ಹತ್ತಿರ ಸೆನ್ಸರಿನ ಮಾತು ಎತ್ತಿ. ವಾಚಿನ ಆಸೆ ಬಿಟ್ಟುಬಿಡಿ. ಚುಚ್ಚದೆ ತಾನೇ ಶುಗರ್ ಅಳೆಯುತ್ತದೆ ಅಂತ ಮಾರುವ ವಾಚು, ಉಂಗುರ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು.

ಅಮ್ಮನಿಗೆ ಸೆನ್ಸರ್ ಈಗಲೂ ಇದೆ. ಆದರೆ ಡೋಸಿನ ಬಗ್ಗೆ ನಾನು ಬಾಯಿ ಬಿಡುವುದಿಲ್ಲ, ಅದು ಡಾಕ್ಟರ ಕೆಲಸ. ಚುಚ್ಚಿಕೊಂಡ ಹೊತ್ತು, ಎಷ್ಟು ಯೂನಿಟ್ ಅಂತ ಅಮ್ಮ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಫೋನ್ ರಾತ್ರಿ ಮಂಚದ ಪಕ್ಕದ ಸ್ಟೂಲಿನಲ್ಲಿರುತ್ತದೆ, ಜೊತೆಗೆ ಗ್ಲೂಕೋಮೀಟರ್, ಸಕ್ಕರೆ ಡಬ್ಬಿ, ಚಮಚ, ನೀರು. ಆ್ಯಪಿಗೆ ಬ್ಯಾಟರಿ ಸೇವರ್ ತೆಗೆದಿದ್ದೇನೆ, ಇಲ್ಲದಿದ್ದರೆ ಫೋನೇ ಅದನ್ನು ಮಲಗಿಸಿಬಿಡುತ್ತದೆ. ರೂಟರಿಗೆ ಸಣ್ಣ ಯುಪಿಎಸ್ ಇದೆ.

ಹೋದ ತಿಂಗಳು ರಾತ್ರಿ ಮೂರಕ್ಕೆ ಅಲಾರಂ ಬಡಿಯಿತು, 58 ಅಂತ. ಅಪ್ಪ ಗಾಬರಿಯಾಗದೆ ಬೆರಳು ಚುಚ್ಚಿ ನೋಡಿದರು: 124. ಅಮ್ಮ ಸೆನ್ಸರ್ ಇರುವ ತೋಳಿನ ಮೇಲೇ ಮಗ್ಗುಲಾಗಿದ್ದರು, ಒತ್ತಡ ಬಿದ್ದರೆ ಅದು ಹಾಗೆ ಕಡಿಮೆ ತೋರಿಸುತ್ತದೆ. ಅಪ್ಪ ಅವರನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ, ನನಗೆ "ಎಂತ ಇಲ್ಲ, ಮಲಗು" ಅಂತ ಮೆಸೇಜ್ ಹಾಕಿದರು.