ಜಗಳ ಬಿಡಿಸೋದಕ್ಕೂ ಎಂ.ಎ. ಮಾಡಬೇಕಾ?

ಪ್ರಶ್ನೆ: ಮಗಳು ಬಿ.ಎ. ಮುಗಿಸಿದ್ದಾಳೆ. ದೆಹಲಿಗೆ ಹೋಗಿ ಶಾಂತಿ ಮತ್ತು ಸಂಘರ್ಷ ಅಧ್ಯಯನದಲ್ಲಿ ಎಂ.ಎ. ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ನಮ್ಮೂರಲ್ಲಿ ಎಂಥ ಜಗಳ ಇದ್ದರೂ ನಾಲ್ಕು ಜನ ಹಿರಿಯರು ಕೂತು ಪಂಚಾಯ್ತಿ ಮಾಡಿ ಮುಗಿಸುತ್ತಿದ್ದರು. ಇದರಲ್ಲಿ ಓದಿ ಕಲಿಯೋದು ಏನಿದೆ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಬಹಳ ಇದೆ. ಕಳಿಸಿಕೊಡಿ ಅಂತಲೇ ಹೇಳುತ್ತೇನೆ. ಪಂಚಾಯ್ತಿ ಕಟ್ಟೆಯಲ್ಲಿ ಒಳ್ಳೆಯ ತೀರ್ಮಾನಗಳೂ ಆಗಿವೆ. ಆದರೆ ಅಲ್ಲಿ ಜಾಸ್ತಿ ನಡೆಯುತ್ತಿದ್ದದ್ದು ತಪ್ಪು ಯಾರದು ಅಂತ ಹೇಳಿ ದಂಡ ಹಾಕೋದು, ಇಲ್ಲವೇ ಅರ್ಧ ಅರ್ಧ ಮಾಡಿಕೊಳ್ಳಿ ಅನ್ನೋದು. ಹಿರಿಯರ ಮುಂದೆ ಹೆಂಗಸರು, ಬಡವರು ಎಷ್ಟು ಬಾಯಿ ಬಿಡುತ್ತಿದ್ದರು ಅನ್ನೋದು ನಿಮಗೂ ಗೊತ್ತು, ಅಲ್ವಾ? ಈ ವಿಷಯ ಓದಿದವರು ಮೊದಲು ಕೇಳುವುದು, ಅವರವರಿಗೆ ಅದು ಯಾಕೆ ಬೇಕು ಅಂತ.

ಸಿನಾಯ್ ಮರಳುಗಾಡನ್ನೇ ನೋಡಿ. 1967ರ ಯುದ್ಧದಲ್ಲಿ ಇಸ್ರೇಲ್ ಅದನ್ನು ಈಜಿಪ್ಟಿನಿಂದ ಕಿತ್ತುಕೊಂಡಿತ್ತು. 1978ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಎರಡೂ ಕಡೆಯ ನಾಯಕರನ್ನು ತಮ್ಮ ವಿಶ್ರಾಂತಿ ಧಾಮವಾದ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಇರಿಸಿಕೊಂಡು ಮಾತಾಡಿಸಿದರು. ಈಜಿಪ್ಟಿನ ಸಾದತ್‌ಗೆ ಪೂರ್ತಿ ನೆಲ ಬೇಕು, ಇಸ್ರೇಲಿನ ಬೆಗಿನ್ ಪೂರ್ತಿ ಕೊಡಲು ತಯಾರಿಲ್ಲ, ನಕ್ಷೆಯಲ್ಲಿ ಎಲ್ಲಿ ಗೆರೆ ಎಳೆದರೂ ಒಬ್ಬರಿಗೆ ಆಗಿಬರುವುದಿಲ್ಲ. ಯಾಕೆ ಬೇಕು ಅಂತ ಕೇಳಿದಾಗ ದಾರಿ ಕಂಡಿತು. ಈಜಿಪ್ಟಿಗೆ ತನ್ನ ನೆಲ ತನ್ನದಾಗಬೇಕಿತ್ತು. ಇಸ್ರೇಲಿಗೆ ಗಡಿಯ ಪಕ್ಕದಲ್ಲಿ ಈಜಿಪ್ಟಿನ ಟ್ಯಾಂಕುಗಳು ಬಂದು ನಿಲ್ಲಬಾರದಿತ್ತು. ಹಾಗಾಗಿ ಸಿನಾಯ್ ಈಜಿಪ್ಟಿಗೆ ವಾಪಸ್ ಹೋಗುವುದು, ಆದರೆ ಗಡಿಯ ಹತ್ತಿರ ಅದರ ಸೈನ್ಯ ಇರಬಾರದು ಅಂತಾಯಿತು. 1979ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಆಮೇಲೆ ಈ ಎರಡು ದೇಶಗಳ ನಡುವೆ ಯುದ್ಧ ಆಗಿಲ್ಲ. ಆದರೆ ಪ್ಯಾಲೆಸ್ತೀನಿಯರು ಆ ಮಾತುಕತೆಯಲ್ಲಿ ಇರಲೇ ಇಲ್ಲ, ಅವರ ಸಂಕಟ ಹಾಗೇ ಉಳಿಯಿತು. ನನ್ನ ಪ್ರಕಾರ ಆ ಒಪ್ಪಂದದ ದೊಡ್ಡ ಕೊರತೆ ಅದೇ, ಮಾತಿಗೆ ಯಾರನ್ನು ಕರೆಯಲಿಲ್ಲ ಅನ್ನೋದನ್ನೂ ನಿಮ್ಮ ಮಗಳು ಅಲ್ಲಿ ಓದುತ್ತಾಳೆ.

ಕಾವೇರಿಯ ವಿಷಯದಲ್ಲೂ 2003ರಲ್ಲಿ ಕರ್ನಾಟಕ, ತಮಿಳುನಾಡಿನ ರೈತರು 'ಕಾವೇರಿ ಕುಟುಂಬ' ಅಂತ ಕಟ್ಟಿಕೊಂಡು ಮುಖಾಮುಖಿ ಕೂತು ಮಾತಾಡಿದರು. ನೀರಿನ ಲೆಕ್ಕ ಕೊನೆಗೆ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು ನಿಜ. ಆದರೂ ಆಚೆಯವನ ಗದ್ದೆಯ ಕಷ್ಟ ರೈತನಿಗೆ ರೈತನೇ ಹೇಳಿದರೆ ಅದರ ತೂಕ ಬೇರೆ.

ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ನೆಲ್ಸನ್ ಮಂಡೇಲಾ ಹೆಸರಿನ ಕೇಂದ್ರದಲ್ಲಿ ಈ ಎಂ.ಎ. ಇದೆ. ಓದು ಮುಗಿದ ತಕ್ಷಣ ಕೆಲಸ ಸಿಗುತ್ತೆ ಅಂತ ಸುಮ್ನೆ ಆಸೆ ಹುಟ್ಟಿಸಲಾರೆ. ಆದರೆ ನಮ್ಮಲ್ಲಿ 2023ರಲ್ಲಿ ಮಧ್ಯಸ್ಥಿಕೆಗೆ ಅಂತಲೇ ಕಾಯ್ದೆ ಬಂದಿದೆ, ಕೂರಿಸಿ ಮಾತಾಡಿಸಬಲ್ಲವರ ಅಗತ್ಯ ಹೆಚ್ಚುತ್ತದೆ.

ಪ್ರಶ್ನೆ: ಒಪ್ಪಂದಕ್ಕೆ ಸಹಿ ಬಿದ್ದರೆ ಶಾಂತಿ ಬಂತು ಅಂತಲಾ?
– ಓದುಗರು, ಶಿರಸಿ

ಉತ್ತರ: ಹೊಡೆದಾಟ ನಿಂತಿತು ಅನ್ನಬಹುದು, ಅಷ್ಟೇ. 1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನೆಗೆ ಸಂಸ್ಥೆ ಕಟ್ಟಿದ ನಾರ್ವೆಯ ಯೋಹಾನ್ ಗಾಲ್ಟುಂಗ್, ಅನ್ಯಾಯ ಹಾಗೇ ಇದ್ದರೆ ಅದು ಪೂರ್ತಿ ಶಾಂತಿಯಲ್ಲ ಎಂದರು. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಮುದಾಯಗಳ ನಡುವಿನ ಸಂಘರ್ಷದಲ್ಲಿ ಸುಮಾರು 3,500 ಜನ ಸತ್ತ ಮೇಲೆ 1998ರ ಏಪ್ರಿಲ್ 10ರಂದು ಒಪ್ಪಂದ ಆಯಿತು. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಮಕ್ಕಳು ಒಟ್ಟಿಗೆ ಓದುವ ಶಾಲೆಯನ್ನು ಅಲ್ಲಿ ಕೆಲವು ಪೋಷಕರು 1981ರಲ್ಲೇ ಶುರು ಮಾಡಿದ್ದರು. ಆದರೆ ಹೆಚ್ಚಿನ ಮಕ್ಕಳು ಈಗಲೂ ಬೇರೆ ಬೇರೆ ಶಾಲೆಗೇ ಹೋಗುತ್ತಾರೆ.